ಮಧ್ಯಾಹ್ನ ಒಂದಕ್ಕೆ ಬನ್ನಿ

ಸಂಜೆ ಆರೂವರೆಗೆ ನಮ್ಮ ಮನೆಯ ಇಂಟರ್ನೆಟ್ಟಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ಮೋಡೆಮ್ಮಿನ ನಾಲ್ಕೂ ದೀಪಗಳು ಹಸಿರಾಗಿ ನಿಂತಿರುತ್ತವೆ, ವಿಡಿಯೋ ಸರಾಗವಾಗಿ ಓಡುತ್ತದೆ, ಮಧ್ಯಾಹ್ನವೆಲ್ಲ ನಾನು ಕೂಗಾಡಿದ್ದೇ ಸುಳ್ಳೇನೋ ಎನ್ನುವಂತೆ ಎಲ್ಲವೂ ಸಾಧುವಾಗಿ ಕೂತಿರುತ್ತದೆ. ಕೇಬಲ್ ಕಂಪನಿಯ ಲೈನ್‌ಮನ್ ನಮ್ಮ ಮನೆಗೆ ಬರುತ್ತಿದ್ದದ್ದು ಸರಿಯಾಗಿ ಆ ಹೊತ್ತಿಗೆ.

"ನೋಡ್ರಿ ಮೇಡಂ, ಎಲ್ಲಾ ಬರೋಬ್ಬರಿ ಅದ. ಇಲ್ಲೊಂದು ಸಹಿ ಮಾಡ್ರಿ."

ಮೊದಲೆರಡು ಸಲ ಮಾಡಿದೆ. ಬಿಸಿಲಲ್ಲಿ ಅಲೆದು ಬಂದ ನಲವತ್ತರ ಮನುಷ್ಯ, ಅಂಗಿಯ ಬೆನ್ನ ಮೇಲೆ ಬೆವರು ಒಣಗಿ ಉಪ್ಪಿನ ಗೆರೆ ಮೂಡಿದೆ, ಇನ್ನೂ ನಾಲ್ಕು ಮನೆ ಬಾಕಿ ಇವೆ. ಅವನೊಂದಿಗೆ ಏನು ಜಗಳ ಎಂದು ಸುಮ್ಮನಿದ್ದೆ. ಮೂರನೆಯ ಸಲ ಪೆನ್ನನ್ನು ಅವನ ಕೈಗೇ ಕೊಟ್ಟೆ.

"ಸಹಿ ಮಾಡಂಗಿಲ್ರಿ. ನೀವು ಮಧ್ಯಾಹ್ನ ಒಂದಕ್ಕ ಬರ್ರಿ. ಆಗ ನೋಡ್ರಿ, ಆಗ ಹೇಳ್ರಿ ಬರೋಬ್ಬರಿ ಅದ ಅಂತ."

"ಒಂದಕ್ಕ ಯಾರ ಬರ್ತಾರ್ರಿ ಈ ಬಿಸಲಾಗ?"

"ನೆಟ್ ಹೋಗೋದು ಒಂದಕ್ಕ. ನೀವು ಬರೋದು ಆರೂವರೆಗೆ. ಇದು ಎಂಥಾ ರಿಪೇರಿ?"

ಅವನು ನಕ್ಕ. ನನಗೆ ನಗು ಬರಲಿಲ್ಲ. ನನ್ನ ಕೆಲಸ ಹೋಗುವುದರಲ್ಲಿತ್ತು.

ಆ ಕೆಲಸದ ಬಗ್ಗೆ ಹೇಳಬೇಕು. ನಾನು ಹುಟ್ಟಿದ್ದು ಭಾಲ್ಕಿಯಲ್ಲಿ. ನಮ್ಮ ಅಡುಗೆಮನೆ ಮರಾಠಿಯದು, ಶಾಲೆ ಕನ್ನಡದ್ದು. ಅವ್ವ ಬೈಯುತ್ತಿದ್ದದ್ದು ಮರಾಠಿಯಲ್ಲಿ, ಮಾಸ್ತರರು ಹೊಡೆಯುತ್ತಿದ್ದದ್ದು ಕನ್ನಡದಲ್ಲಿ, ಹೀಗಾಗಿ ಎರಡೂ ಚೆನ್ನಾಗಿ ನಾಟಿವೆ. ಭಾಲ್ಕಿಯಲ್ಲಿ ಇದು ದೊಡ್ಡ ಸಂಗತಿಯಲ್ಲ, ಓಣಿಯ ಅರ್ಧ ಜನಕ್ಕೆ ಎರಡೂ ಬರುತ್ತವೆ. ಅದಕ್ಕೇ ಯಾರೂ ಅದನ್ನು ವಿದ್ಯೆ ಎಂದು ಎಣಿಸಲಿಲ್ಲ. ಮದುವೆಯಾಗಿ ಬೀದರಿಗೆ ಬಂದೆ, ಎರಡು ಹೆರಿಗೆ, ಇಪ್ಪತ್ತು ವರ್ಷದ ಸಂಸಾರ. ನಲವತ್ತಾರನೆಯ ವಯಸ್ಸಿನಲ್ಲಿ ಗಡಿಯಾಚೆಯ ಒಂದು ದೊಡ್ಡ ಆಸ್ಪತ್ರೆಯವರು, ನಮ್ಮ ಕಡೆಯಿಂದ ಬರುವ ರೋಗಿಗಳಿಗೂ ತಮ್ಮ ಡಾಕ್ಟರರಿಗೂ ನಡುವೆ ಮಾತು ದಾಟಿಸುವವರು ಬೇಕೆಂದರು. ಮನೆಯಲ್ಲೇ ಕೂತು ವಿಡಿಯೋ ಮೇಲೆ ಮಾಡುವ ಕೆಲಸ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕು. ಪರೀಕ್ಷೆ ಕೊಟ್ಟೆ, ತಗೊಂಡರು. ದೀಪಾವಳಿ ಆದಮೇಲೆ ಶುರುವಾದ ಆ ಕೆಲಸ ಹೋಳಿಯವರೆಗೆ ಹೂವಿನಂತೆ ನಡೆಯಿತು.

ಹೋಳಿ ಮುಗಿದು ಬಿಸಿಲು ಏರಿತು, ಒಂದು ಗಂಟೆಗೆ ನೆಟ್ ಬೀಳತೊಡಗಿತು. ಬೀದರ್ ಎತ್ತರದ ಊರು, ತಂಪು ಎಂದು ಹೇಳುವವರಿದ್ದಾರೆ. ಅವರು ಏಪ್ರಿಲ್ ತಿಂಗಳಲ್ಲಿ ಬಂದು ನಮ್ಮ ಮಾಳಿಗೆಯ ಮೇಲೆ ಬರಿಗಾಲಲ್ಲಿ ನಿಂತು ಅದೇ ಮಾತನ್ನು ಹೇಳಲಿ.

ಆಸ್ಪತ್ರೆಯ ನಿಯಮ ಸರಳ. ಮಾತಿನ ನಡುವೆ ತಿಂಗಳಲ್ಲಿ ಮೂರು ಸಲ ಸಂಪರ್ಕ ಕಡಿದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಮೊಬೈಲಿನ ನೆಟ್ ಅವರು ಒಪ್ಪುವುದಿಲ್ಲ. ಒಪ್ಪಿದ್ದರೂ ನಮ್ಮ ಕೋಣೆಯಲ್ಲಿ ಅದಕ್ಕೆ ಒಂದು ಕಡ್ಡಿಗಿಂತ ಹೆಚ್ಚು ಸಿಗ್ನಲ್ ಇಲ್ಲ. ಕರೆಂಟ್ ಹೋದರೆ ಇನ್ವರ್ಟರ್ ಇದೆ. ಟಿವಿಯ ತಂತಿಯಲ್ಲೇ ಬರುವ ಈ ಕೇಬಲ್ ಇಂಟರ್ನೆಟ್ಟಿಗೆ ಮಾತ್ರ ಯಾವ ಬದಲಿಯೂ ಇರಲಿಲ್ಲ.

ಮೊದಲ ಸಲ ಕಡಿದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನಮ್ಮ ಭಾಲ್ಕಿ ಕಡೆಯ ಭಾತಂಬ್ರಾ ಹಳ್ಳಿಯ ಒಬ್ಬ ಅಜ್ಜ. ಸಕ್ಕರೆ ಕಾಯಿಲೆಯಿಂದ ಕಾಲಿಗೆ ಗಾಯವಾಗಿ ಹೊಲದಿಂದ ನೆಟ್ಟಗೆ ಆಸ್ಪತ್ರೆಗೆ ಹೋದವರು. ಮರಾಠಿ ಅಷ್ಟಿಷ್ಟು ಬರುತ್ತಿತ್ತು ಅವರಿಗೆ. ಆದರೆ ಹೆದರಿದ ಮನುಷ್ಯನಿಗೆ ತನ್ನ ಮಾತು ಬಿಟ್ಟು ಬೇರೆ ಯಾವುದೂ ಕಿವಿಗೆ ಇಳಿಯುವುದಿಲ್ಲ. ನರ್ಸ್ ಹಿಡಿದ ಪರದೆಯಲ್ಲಿ ಅವರ ಮುಖ, ಬಿಳಿ ಗಡ್ಡ, ತಲೆಗೆ ಸುತ್ತಿದ ಟವೆಲ್.

"ಕಾಲು ಉಳಿತದೇನ್ರಿ ತಾಯಿ? ಕೇಳ್ರಿ ಅವ್ರಿಗಿ."

ನಾನು ಕೇಳಿದೆ. ಡಾಕ್ಟರು ಮರಾಠಿಯಲ್ಲಿ ಹೇಳಿದರು: ಒಂದು ಬೆರಳು ತೆಗೆಯಬೇಕು, ಆದರೆ ಕಾಲಿಗೆ ಏನೂ ಆಗುವುದಿಲ್ಲ, ಹದಿನೈದು ದಿನದಲ್ಲಿ ನಡೆಯುತ್ತಾರೆ.

"ಅಜ್ಜಾರೀ, ಒಂದು ಬೆರಳು ತೆಗೀಬೇಕಂತ್ರಿ..." ಎಂದೆ. ಮೋಡೆಮ್ಮಿನ ಎರಡನೆಯ ದೀಪ ಕಣ್ಣು ಹೊಡೆಯಿತು. ಅಜ್ಜನ ಮುಖ ಅಲ್ಲೇ ನಿಂತಿತು, ಬಾಯಿ ಅರ್ಧ ತೆರೆದಂತೆಯೇ. ಆಮೇಲೆ ಪರದೆ ಕಪ್ಪಾಯಿತು.

ಒಳ್ಳೆಯ ಅರ್ಧ ನನ್ನ ಬಾಯಲ್ಲೇ ಉಳಿಯಿತು. ಮೇಲ್ವಿಚಾರಕಿಗೆ ಫೋನು ಮಾಡಿ "ಕಾಲು ಉಳಿಯುತ್ತದೆ ಎಂದು ಅವರಿಗೆ ಹೇಳಿಸಿರಿ, ಇನ್ನೇನೂ ಬೇಡ" ಎಂದು ಬೇಡಿಕೊಂಡೆ. ಆಕೆ ವಾರ್ಡಿಗೆ ಚೀಟಿ ಕಳಿಸಿದಳು. ವಾರ್ಡಿನವರು ಮರಾಠಿಯಲ್ಲಿ ಸಮಾಧಾನ ಹೇಳಿದರು. ಅಜ್ಜ ನಂಬಲಿಲ್ಲ. ತನ್ನ ಮಾತಿನವಳು ಕೆಟ್ಟ ಸುದ್ದಿ ಹೇಳಿ ಮುಖ ಮರೆಸಿಕೊಂಡಳು, ಇನ್ನು ಬೇರೆಯವರು ಎಷ್ಟು ಸಿಹಿ ಮಾತಾಡಿದರೇನು? ಸಂಜೆ ಐದಕ್ಕೆ ಮತ್ತೊಬ್ಬ ಕನ್ನಡದವರು ಸಿಗುವವರೆಗೆ ಅವರು ಊಟ ಮಾಡಿರಲಿಲ್ಲ, ಊರಿಗೆ ಕರೆದೊಯ್ಯಿರಿ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದರಂತೆ. ಇದನ್ನು ಮೇಲ್ವಿಚಾರಕಿ ಮಾಮೂಲಿ ದನಿಯಲ್ಲಿ ಹೇಳಿದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ.

ವಾರ ಕಳೆದು ಎರಡನೆಯ ಸಲವೂ ಕಡಿಯಿತು. ಉಳಿದದ್ದು ಒಂದು. ಅಂದಿನಿಂದ ಒಂದು ಗಂಟೆಯೊಳಗೆ ಮುಗಿಯುವ ಮಾತುಗಳನ್ನಷ್ಟೇ ಒಪ್ಪಿಕೊಳ್ಳತೊಡಗಿದೆ.

ಅಷ್ಟರಲ್ಲಿ ನಾನು ಏನೇನು ಮಾಡಿರಲಿಲ್ಲ? ಕಂಪನಿಯ ಫೋನಿನಲ್ಲಿ ಒಂದು ಹೆಣ್ಣು ದನಿ ಇದೆ, ಅದು ಯಾವ ದೂರಿಗೂ ಒಂದೇ ಮದ್ದು ಹೇಳುತ್ತದೆ: ಮೋಡೆಮ್ ಬಂದ್ ಮಾಡಿ, ಮೂವತ್ತು ಎಣಿಸಿ, ಮತ್ತೆ ಚಾಲೂ ಮಾಡಿ. ನಾನು ಎಣಿಸಿದ ಮೂವತ್ತುಗಳನ್ನು ಸಾಲಾಗಿ ಇಟ್ಟಿದ್ದರೆ ಭಾಲ್ಕಿ ಮುಟ್ಟುತ್ತಿದ್ದವು. ಮೋಡೆಮ್ಮಿಗೆ ನಾನೇ ಹೆಣೆದು ಹಾಕಿದ್ದ ಕ್ರೋಶಾ ಮುಸುಕು ತೆಗೆದೆ. ಗೋಡೆಯ ಗೂಡಿನಲ್ಲಿದ್ದದ್ದನ್ನು ಹೊರಗೆ ತಂದು ಸ್ಟೂಲಿನ ಮೇಲೆ ಇಟ್ಟೆ. ಗಂಡನ ಸಲಹೆಯಂತೆ ಕೂಲರಿನ ಎದುರಿಗೆ ಇಟ್ಟಾಗ, ಅರ್ಧ ಗಂಟೆಯಲ್ಲಿ ಅದರ ಮೈಯೆಲ್ಲ ತೇವವಾಗಿ, ಇದೊಂದು ಬಾಕಿ ಇತ್ತು ಎಂದು ಒರೆಸಿ ವಾಪಸು ತಂದೆ. ಅಡಾಪ್ಟರ್ ಬದಲಿಸಿದೆ. ತಿರುಪಿನ ತುದಿಗಳನ್ನು ಬಿಚ್ಚಿ ಒರೆಸಿ ಮತ್ತೆ ಬಿಗಿದೆ. ಮೋಡೆಮ್ ತಣ್ಣಗೆ ಕೂತಿತ್ತು. ನೆಟ್ ಮಾತ್ರ ಒಂದಕ್ಕೆ ಹೋಗುತ್ತಿತ್ತು, ನಾಲ್ಕೂವರೆಗೆ ಬರುತ್ತಿತ್ತು.

ಗಂಡ ಕಚೇರಿಯಲ್ಲಿ ಗುಮಾಸ್ತ, ಜಗಳದ ಮನುಷ್ಯನಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದರು:

"ಎರಡು ತಿಂಗಳು ಬಿಟ್ಟು ಬಿಡು. ಮಳಿ ಬಂದ ಮ್ಯಾಲ ಮತ್ತ ಸೇರಿಕೊಂಡ್ರಾತು. ಬಿಸಲಿಗಿ ಯಾರೇನ್ ಮಾಡ್ತಾರ?"

"ನಿಮ್ಮ ಆಫೀಸು ಬಿಸಲಿಗಿ ಬಂದ್ ಆಗ್ತದೇನು?"

"ನಂದು ಬ್ಯಾರೆ."

"ಯಾಕ ಬ್ಯಾರೆ?"

ಅವರು ರೊಟ್ಟಿ ಮುರಿದುಕೊಂಡರು. ಬಿಸಿಲಿಗೆ ಯಾರೇನು ಮಾಡುತ್ತಾರೆ ಎನ್ನುವ ಮಾತನ್ನು ಆ ವಾರದಲ್ಲಿ ನಾನು ಎಷ್ಟು ಬಾಯಲ್ಲಿ ಕೇಳಿದೆನೋ. ಬಿಸಿಲು ನಮ್ಮೂರಿಗೆ ಈ ವರ್ಷ ಬಂದ ನೆಂಟ ಅಲ್ಲ. ಇಲ್ಲಿ ತಂತಿ ಎಳೆಯುವವನಿಗೆ ಬಿಸಿಲು ಇರುತ್ತದೆಂದು ಗೊತ್ತಿರಬೇಕಾಗಿತ್ತು.

ಈ ಮಾತುಕತೆಯನ್ನೆಲ್ಲ ಕೇಳುತ್ತ ಬಾಗಿಲ ಬಳಿ ಅಜವಾನದ ಕಾಳು ಹಸನು ಮಾಡುತ್ತ ಕೂತಿದ್ದವರು ನಮ್ಮತ್ತೆ. ಔರಾದ್ ತಾಲ್ಲೂಕಿನ ಡಾಬಕಾದವರು, ಕುರಿ ಸಾಕುವ ಮನೆತನ. ಎಪ್ಪತ್ತು ದಾಟಿದೆ. ನನಗೂ ಅವರಿಗೂ ಇಪ್ಪತ್ತು ವರ್ಷದಲ್ಲಿ ಆಗಿರುವ ಜಗಳಗಳನ್ನು ಹೇಳುತ್ತ ಕೂತರೆ ಬೇರೆಯೇ ಕಥೆಯಾಗುತ್ತದೆ. ಅವರು ಮೊರ ಕೆಳಗಿಟ್ಟರು.

"ಸಂಜೀಕ ಬಂದು ನೋಡಿದ್ರ ಏನ್ ತಿಳೀತದ ಆ ಲೈನ್‌ಮನ್‌ಗ? ಮುಂಜಾನಿ, ಸಂಜೀಕ ಎಲ್ಲಾ ಕುರಿ ಓಡತಾವ. ಯಾವುದಕ್ಕ ಜಡ್ಡ ಅದ ಅಂತ ನೋಡಬೇಕಂದ್ರ ನಮ್ಮಪ್ಪ ನಡು ಬಿಸಲಾಗ ಹಿಂಡಿನ ಸುತ್ತ ತಿರುಗ್ತಿದ್ದ. ಚಲೋ ಇದ್ದವು ಒಂದರ ಹೊಟ್ಟಿ ಕೆಳಗ ಒಂದು ತಲಿ ಹಾಕಿ ನಿಂದ್ರತಾವ. ಜಡ್ಡಿನದ್ದು ಒಂದೇ ದೂರ ನಿಂದ್ರತದ. ನಡಿ, ನಿನ್ನ ತಂತಿ ಎಲ್ಲಿಂದ ಎಲ್ಲಿಗಿ ಹೋಗ್ಯದ ನೋಡಮಿ."

ಗಂಡ "ಅವ್ವಾ, ಒಂದೂವರಿ ಆಗ್ಯದ" ಎಂದರು. ಅತ್ತೆ ಆಗಲೇ ಸೆರಗನ್ನು ತಲೆಗೆ ಬಿಗಿದಿದ್ದರು.

ಮೋಡೆಮ್ಮಿನಿಂದ ಶುರು ಮಾಡಿದೆವು. ಕರಿ ತಂತಿ ಕಿಟಕಿಯ ಮೂಲೆಯಿಂದ ಹೊರಬಿದ್ದು ಗೋಡೆ ಹತ್ತಿ ಮಾಳಿಗೆಗೆ ಹೋಗುತ್ತದೆ. ನಾವೂ ಮೆಟ್ಟಿಲು ಹತ್ತಿದೆವು. ಮಾಳಿಗೆಯ ಮೇಲೆ ಆ ದಿನಗಳಲ್ಲಿ ಕಾಲಿಡಲು ಜಾಗವಿಲ್ಲ: ಹಳೆಯ ಸೀರೆಗಳ ಮೇಲೆ ಸಂಡಿಗೆ, ಹಪ್ಪಳ, ಗೋಧಿ ಹಾಲಿನ ಕುರಡಿಗೆ, ಎಲ್ಲ ಸಾಲಾಗಿ ಒಣಗುತ್ತಿದ್ದವು. ವರ್ಷದ ಬೇಸಿಗೆ ಕೆಲಸ ಅದು. ಹೋಳಿ ಮರುದಿನದಿಂದ ನಾನೂ ಅತ್ತೆಯೂ ಜಗಳ ನಿಲ್ಲಿಸಿ ಹಿಟ್ಟು ಬೇಯಿಸುತ್ತೇವೆ.

ತಂತಿ ಆ ಸೀರೆಗಳ ಅಂಚಿಗೆ ಹೋಗಿ, ಮೆಟ್ಟಿಲ ಮೇಲಿನ ತಗಡಿಗೆ ಏರಿತ್ತು. ತಗಡಿನ ಮೇಲೆ ಒಂದು ಬೆಂಕಿಪೊಟ್ಟಣದಷ್ಟು ಉಕ್ಕಿನ ಡಬ್ಬಿ. ತಂತಿ ಒಂದು ಟಿವಿಗೆ, ಒಂದು ನೆಟ್ಟಿಗೆ ಎಂದು ಎರಡಾಗುವುದು ಅಲ್ಲಿಯೇ. ಗಾಳಿಗೆ ಹಾರಬಾರದೆಂದು ಅದರ ತಂತಿಯ ಮೇಲೆ ಒಂದು ಕೆಂಪು ಕಲ್ಲು. ಡಬ್ಬಿ ಮುಟ್ಟಿದೆ. ಬೆರಳು ಚುರ್ ಎಂದಿತು.

ಅತ್ತೆ ಕಲ್ಲನ್ನೇ ನೋಡುತ್ತಿದ್ದರು. "ಈ ಡಬ್ಬಿ ಇಲ್ಲಿ ಇರಲಿಲ್ಲಲ್ಲ? ಟಾಕಿ ಬುಡಕ ಕಟ್ಟಿದ್ರು ಅವ್ರು."

ಆಗ ನನಗೆ ನೆನಪಾಯಿತು. ಚಳಿಗಾಲದಲ್ಲಿ ಲೈನ್‌ಮನ್ ಆ ಡಬ್ಬಿಯನ್ನು ನೀರಿನ ಟಾಕಿಯ ಬುಡದಲ್ಲಿ, ಇಡೀ ದಿನ ನೆರಳಿರುವ ಕಡೆ ಕಟ್ಟಿ ಹೋಗಿದ್ದ. ಹೋಳಿ ಮರುದಿನ ಸೀರೆ ಹಾಸುವಾಗ ತಂತಿ ಅಡ್ಡ ಬರುತ್ತದೆಂದು ಬಿಚ್ಚಿ ತಗಡಿನ ಮೇಲೆ ಎಸೆದವಳು ನಾನು. ಕಲ್ಲು ಹೇರಿದವಳೂ ನಾನೇ. ಕುರಡಿಗೆಗೆ ಬಿಸಿಲು ಚೆನ್ನಾಗಿ ಬೀಳಲಿ ಎಂದು ನನ್ನ ಅನ್ನದ ತಂತಿಯನ್ನು ಕಾದ ತಗಡಿನ ಮೇಲೆ ಹುರಿಯಲು ಇಟ್ಟು, ಇಡೀ ತಿಂಗಳು ಕಂಪನಿಯವರಿಗೆ ಬೈದಿದ್ದೆ.

ನಾಚಿಕೆಯಾಯಿತು ಎಂದು ಬರೆಯಬೇಕು, ಆಯಿತು ಕೂಡ. ಭಾತಂಬ್ರಾದ ಅಜ್ಜ ಗೋಡೆಗೆ ಮುಖ ಮಾಡಿ ಮಲಗಿದ್ದು ನನ್ನ ಕುರಡಿಗೆಯ ದೆಸೆಯಿಂದ. ಬಿಸಿ ತಗಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಅತ್ತೆಗೆ ಈ ವಿಚಾರದಲ್ಲಿ ಮುಂದಿನ ಹತ್ತು ವರ್ಷಕ್ಕೆ ಸಾಕಾಗುವಷ್ಟು ಮಾತು ಸಿಕ್ಕಿತ್ತು. ಅದನ್ನು ಅವರು ಆಮೇಲಿಗೆ ಇಟ್ಟುಕೊಂಡರು. ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ಟಾಕಿಯ ಬುಡಕ್ಕೆ ಒಯ್ದರು, ಮೇಲೆ ಬಾಯಿ ಒಡೆದ ಒಂದು ಗಡಿಗೆ ಬೋರಲು ಹಾಕಿದರು. "ಕೆಳಗ ಹೋಗಿ ದೀಪ ನೋಡು" ಎಂದರು.

ಹತ್ತು ನಿಮಿಷದಲ್ಲಿ ದೀಪ ಹಸಿರಾಯಿತು. ನಾನು ಕೆಳಗಿನಿಂದಲೇ ಕೂಗಿದೆ. ಆದರೆ ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಎರಡೂವರೆಗೆ ದೀಪ ಮತ್ತೆ ಕಣ್ಣು ಹೊಡೆಯಿತು. ಮರುದಿನವೂ ಅಷ್ಟೇ: ಒಂದಕ್ಕೆ ಹೋಗುತ್ತಿದ್ದದ್ದು ಈಗ ಎರಡೂವರೆಗೆ ಹೋಗುತ್ತಿತ್ತು. ಒಂದೂವರೆ ಗಂಟೆ ಗೆದ್ದಿದ್ದೆವು. ಇನ್ನೊಂದೂವರೆ ಗಂಟೆ ಯಾರ ಕೈಯಲ್ಲಿದೆ?

ಅತ್ತೆ ಮತ್ತೆ ಸೆರಗು ಬಿಗಿದರು. ಮಾಳಿಗೆಯಿಂದ ತಂತಿ ಓಣಿಯನ್ನು ದಾಟಿ ಎದುರಿನ ಖಾಲಿ ಪ್ಲಾಟಿನ ಗೋಡೆಗೆ ಹೋಗುತ್ತದೆ. ಅಲ್ಲಿ ಎದೆ ಎತ್ತರಕ್ಕೆ ಕಂಪನಿಯ ದೊಡ್ಡ ಡಬ್ಬಿ; ಓಣಿಯ ಎಲ್ಲ ಮನೆಗಳ ತಂತಿಗಳು ಅದರೊಳಗೇ ಸೇರುತ್ತವೆ. ಅದಕ್ಕೆ ಬಾಗಿಲು ಇರಲಿಲ್ಲ, ಯಾವ ಕಾಲದಲ್ಲೋ ಕಿತ್ತು ಹೋಗಿ ಒಂದೇ ತಿರುಪು ಉಳಿದಿತ್ತು. ಮುಖ ಪಶ್ಚಿಮಕ್ಕೆ. ಎರಡು ಗಂಟೆ ದಾಟಿದ ಮೇಲೆ ಬಿಸಿಲು ನೇರವಾಗಿ ಅದರ ಹೊಟ್ಟೆಗೇ ಹೊಡೆಯುತ್ತಿತ್ತು. ಒಳಗೆ ಕರೆಂಟ್ ಇರುತ್ತದೆಂದು ನಾನು ಅತ್ತೆಯ ಕೈ ಹಿಡಿದೆ. ಆದರೂ ಅವರು ಹೊರಮೈಗೆ ಬೆರಳ ಬೆನ್ನು ತಾಗಿಸಿ ನೋಡಿದರು.

"ಇದು. ಇದೇ ದೂರ ನಿಂತದ್ದು."

ಫೋನು ಮಾಡಿದೆ. ಈ ಸಲ ಮೂವತ್ತು ಎಣಿಸಲು ಒಪ್ಪಲಿಲ್ಲ. ಲೈನ್‌ಮನ್ ಬಂದ, ಮಾಮೂಲಿಯಂತೆ ಸಂಜೆಗೇ. ನಡೆದದ್ದನ್ನು ನಡೆದಂತೆಯೇ ಹೇಳಿದೆ, ತಗಡಿನ ಮೇಲಿನ ಡಬ್ಬಿಯ ವಿಷಯವನ್ನೂ. ಅವನ ಮುಖ ಅರಳಿತು.

"ಅಂದ್ರ ಗಲತಿ ನಿಮ್ದೇ ಆಯ್ತಲ್ರಿ ಮೇಡಂ! ಒಂದು ತಿಂಗಳಿಂದ ನಮ್ಮ ತಲಿ ತಿಂದಿರಿ. ಈಗ ಬರೀತೇನಿ, ಗ್ರಾಹಕರ ಮನಿ ಸಮಸ್ಯೆ ಅಂತ. ಕೇಸ್ ಬಂದ್."

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಗಂಡ ಪಕ್ಕದಿಂದ, ಹೇಳಬಾರದಿತ್ತು ಎಂಬಂತೆ ನೋಡಿದರು. ಎಷ್ಟೋ ಜನ ಹೀಗೇ ಬಾಯಿ ಮುಚ್ಚಿಕೊಳ್ಳುತ್ತಾರೆ. ತನ್ನ ಕಡೆ ಒಂದು ತಪ್ಪು ಕಂಡರೆ ಸಾಕು, ಎದುರಿನವನ ಹತ್ತು ತಪ್ಪಿಗೂ ಮಾಫಿ ಸಿಕ್ಕಿಬಿಡುತ್ತದೆ. ನನಗೆ ಆ ವ್ಯಾಪಾರ ಒಗ್ಗುವುದಿಲ್ಲ.

"ಹೌದ್ರಿ, ನಂದು ಗಲತಿ ಆಗಿತ್ತು. ನಾನೇ ಹುಡುಕಿದೆ, ನಾನೇ ಸುಧಾರಿಸಿದೆ, ನಾನೇ ನಿಮಗ ಹೇಳಿದೆ. ಈಗ ನಿಮ್ದು ನೀವು ಸುಧಾರಿಸ್ರಿ. ಆ ಡಬ್ಬಿಗಿ ಬಾಗಲಾ ಎಲ್ಲಿ ಅದ?"

"ಅದು ಮೊದಲಿಂದ ಹಂಗೇ ಅದ್ರಿ."

"ಮೊದಲಿಂದ ತಪ್ಪಿದ್ರ ಅದು ಸರಿ ಆಗ್ತದೇನು?"

ಅವನು ಕಾಗದ ಮಡಿಸಿ ಜೇಬಿಗಿಟ್ಟ. "ಹೊಸ ಡಬ್ಬಿಗಿ ಹೆಡ್ ಆಫೀಸಿಗಿ ಬರೀಬೇಕ್ರಿ. ಬರ್ಲಿಕ್ಕ ಎಂಟು ದಿನಾನೋ ಹದಿನೈದು ದಿನಾನೋ."

"ಬರೀರಿ. ಮತ್ತ ಶುಕ್ರವಾರ ಮಧ್ಯಾಹ್ನ ಬರ್ರಿ. ಸಂಜೀಕ ಬಂದ್ರ ಬಾಗಿಲು ತೆಗ್ಯಂಗಿಲ್ಲ."

ಶುಕ್ರವಾರ ಯಾಕೆಂದರೆ, ಲೈನ್‌ಮನ್ ಬಂದ ಆ ದಿನದ ಬೆಳಿಗ್ಗೆಯಷ್ಟೇ ಮೇಲ್ವಿಚಾರಕಿ ಫೋನು ಮಾಡಿದ್ದಳು. ಭಾತಂಬ್ರಾದ ಅಜ್ಜನ ಗಾಯ ಆರುತ್ತಿದೆ, ಶುಕ್ರವಾರ ಮೂರು ಗಂಟೆಗೆ ಡಾಕ್ಟರು ನೋಡಿ ಊರಿಗೆ ಕಳಿಸುತ್ತಾರೆ, ಮನೆಯಲ್ಲಿ ಕಾಲನ್ನು ಹೇಗೆ ನೋಡಿಕೊಳ್ಳಬೇಕೆಂದು ಎಲ್ಲವನ್ನೂ ಹೇಳಬೇಕು. "ಆ ಹೊತ್ತು ನಿಮಗೆ ಕಷ್ಟದ್ದು. ಬೇರೆಯವರಿಗೆ ಕೊಡಲೇ?" ಎಂದು ಕೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ಇನ್ನೊಮ್ಮೆ ಕಡಿದರೆ ನನ್ನ ಹೆಸರು ಹೋಗುತ್ತದೆಂದು ಅವಳಿಗೂ ಗೊತ್ತು.

"ಬೇಡ. ಅದು ನನ್ನದು" ಎಂದೆ. ಫೋನಿಟ್ಟು ಕ್ಯಾಲೆಂಡರಿನಲ್ಲಿ ಶುಕ್ರವಾರಕ್ಕೆ ಗುರುತು ಹಾಕಿದೆ.

ಶುಕ್ರವಾರ ಊಟವಾದ ಮೇಲೆ ಅತ್ತೆ ತಮ್ಮ ಟ್ರಂಕು ತೆಗೆದು ಕಂಬಳಿ ಹೊರತಂದರು. ಕರಿ ಕಂಬಳಿ, ಡಾಬಕಾದಲ್ಲಿ ಅವರ ಅಪ್ಪನ ಕುರಿಗಳ ಉಣ್ಣೆಯಿಂದಲೇ ನೇಯಿಸಿದ್ದು. ಮದುವೆಯಲ್ಲಿ ತಂದದ್ದು. ಮನೆಯಲ್ಲಿ ಯಾರಿಗೂ ಅದನ್ನು ಹಾಸಲು ಕೊಟ್ಟವರಲ್ಲ, ಮೊಮ್ಮಕ್ಕಳಿಗೂ.

"ಈ ಬಿಸಲಾಗ ಕಂಬಳಿ ಯಾಕ್ರಿ?" ಎಂದೆ.

"ನಮ್ಮಪ್ಪ ಬ್ಯಾಸಗ್ಯಾಗ ಏನ್ ಹೊದ್ದು ಅಡವ್ಯಾಗ ತಿರುಗ್ತಿದ್ದ ಅಂತ ತಿಳಕೊಂಡಿ? ಬಿಸಲು ಇದನ್ನ ದಾಟಂಗಿಲ್ಲ. ಆದ್ರ ಡಬ್ಬಿಗಿ ತಾಗಿಸಬಾರದು. ನಡುವ ಗಾಳಿ ಆಡಬೇಕು."

ಬಟ್ಟೆ ಒಣಹಾಕುವ ಎರಡು ಬಿದಿರು ಕೋಲುಗಳನ್ನು ತಂದು ಗೋಡೆಯ ಮುಂದೆ ಕಲ್ಲು ಪೇರಿಸಿ ನಿಲ್ಲಿಸಿದೆವು. ಕಂಬಳಿಯ ಎರಡು ತುದಿ ಕೋಲಿಗೆ, ಎರಡು ತುದಿ ಗೋಡೆಯ ಮೇಲಿನ ಕಲ್ಲಿನಡಿಗೆ. ಡಬ್ಬಿಯ ಮುಂದೆ ಒಂದು ಪುಟ್ಟ ಚಪ್ಪರವಾಯಿತು. ಓಣಿಯವರು ಕಿಟಕಿಯಿಂದ ಇಣುಕಿದರು. ಅತ್ತೆ ಅದರ ನೆರಳಿನ ಅಂಚಿಗೇ ಒಂದು ತಂಬಿಗೆ ನೀರಿಟ್ಟುಕೊಂಡು ಕೂತರು. "ನೀ ಹೋಗು. ನಿನ್ನ ಮಾತು ನೀ ನೋಡ್ಕೋ. ಇದನ್ನ ನಾ ನೋಡ್ಕೋತೇನಿ."

ಎರಡೂವರೆ. ದೀಪ ಹಸಿರು. ಎರಡೂ ಮುಕ್ಕಾಲು, ಹಸಿರು. ನಾನು ಪರದೆ ನೋಡುವುದಕ್ಕಿಂತ ಆ ಎರಡನೆಯ ದೀಪವನ್ನೇ ನೋಡುತ್ತಿದ್ದೆ. ಮೂರಕ್ಕೆ ಐದು ನಿಮಿಷ ಇರುವಾಗ ಹೊರಗೆ ಬೈಕು ನಿಂತ ಸದ್ದು, ಆಮೇಲೆ ಲೈನ್‌ಮನ್‌ನ ದನಿ ಕಿಟಕಿಯಿಂದ ಸ್ಪಷ್ಟವಾಗಿ ಬಂತು.

"ಅಜ್ಜೀ, ಇದೇನ್ರಿ? ಕಂಪನಿ ಡಬ್ಬಿಗಿ ಏನೂ ಕಟ್ಟಂಗಿಲ್ರಿ. ನಿಯಮ ಅದ. ಬಿಚ್ರಿ ಮೊದಲ."

"ಡಬ್ಬಿಗಿ ಎಲ್ಲಿ ಕಟ್ಟೇನಿ? ಬಿಸಲಿಗಿ ಕಟ್ಟೇನಿ. ಬಿಸಲು ನಿಮ್ಮ ಕಂಪನೀದೇನು?"

"ಹಂಗಲ್ರಿ..."

"ಮುಟ್ಟು. ಇಲ್ಲಿ ಹೊರಗ ಗ್ವಾಡಿ ಮುಟ್ಟು. ಆಯ್ತಾ? ಈಗ ಕಂಬಳಿ ಕೆಳಗ ಕೈ ಹಾಕಿ ಡಬ್ಬಿ ಮುಟ್ಟು. ಈಗ ಹೇಳು, ಬಿಚ್ಚಲೋ?"

ನಾನು ಎದ್ದು ಹೋಗುವಂತಿರಲಿಲ್ಲ. ಪರದೆಯಲ್ಲಿ ಬಿಳಿ ಗಡ್ಡ ಮೂಡಿತ್ತು.

ಅಜ್ಜ ನನ್ನನ್ನು ಕೂಡಲೇ ಗುರುತಿಸಿದರು. ಡಾಕ್ಟರು ಇನ್ನೂ ಬಾಯಿ ತೆರೆದಿರಲಿಲ್ಲ.

"ತಾಯಿ, ಅವತ್ತ ನೀವೇ ಅಲ್ಲೇನ್ರಿ? ಅರ್ಧ ಹೇಳಿ ಹೋಗಿಬಿಟ್ಟಿರಿ. ನಾ ಸತ್ತೇನಂತ ತಿಳಕೊಂಡಿದ್ದೆ."

"ನಾನೇ ರೀ ಅಜ್ಜಾರೀ. ಅವತ್ತ ಅರ್ಧಕ್ಕೇ ನಿಂತದ್ದು ನನ್ನ ಗಲತಿ. ಇವತ್ತ ಪೂರಾ ಹೇಳ್ತೇನಿ. ಎಲ್ಲೂ ಹೋಗಂಗಿಲ್ಲ."

ಎಲ್ಲೂ ಹೋಗಂಗಿಲ್ಲ ಎಂದು ಹೇಳಿದ್ದೇನೋ ಹೇಳಿದೆ. ಆ ಭರವಸೆ ಕೊಡಲು ನನಗೆ ಯಾವ ಅಧಿಕಾರವಿತ್ತು? ಓಣಿಯಾಚೆ ಒಂದು ಮುರುಕು ಡಬ್ಬಿ, ಎರಡು ಬಿದಿರು ಕೋಲು, ಒಬ್ಬ ಮುದುಕಿ. ಅಷ್ಟೇ ನನ್ನ ಬಂಡವಾಳ.

ಡಾಕ್ಟರು ನಿಧಾನವಾಗಿಯೇ ಹೇಳಿದರು, ನಾನೂ ನಿಧಾನವಾಗಿಯೇ ದಾಟಿಸಿದೆ. ಗಾಯ ಆರಿದೆ. ಬರಿಗಾಲಲ್ಲಿ ಹೊಲಕ್ಕೆ ಹೋಗಬಾರದು. ದಿನಾ ಸಂಜೆ ಅಂಗಾಲನ್ನು ಯಾರಿಂದಲಾದರೂ ನೋಡಿಸಿಕೊಳ್ಳಬೇಕು, ಅಲ್ಲಿ ಚುಚ್ಚಿದ್ದು ನಿಮಗೆ ತಿಳಿಯುವುದಿಲ್ಲ. ಅಜ್ಜ ಒಂದೊಂದಕ್ಕೂ ಎದುರು ಪ್ರಶ್ನೆ ಹಾಕಿದರು. ಹೊಸ ಚಪ್ಪಲಿ ಕಚ್ಚಿದರೆ? ಕೆಸರಿನಲ್ಲಿ ಇಳಿಯುವುದು ಯಾವಾಗ? ಡಾಕ್ಟರಿಗೂ ನಗು ಬಂತು. ಗಡಿಯಾರ ಮೂರೂ ಇಪ್ಪತ್ತಕ್ಕೆ ಹೋಯಿತು, ಮೂರೂ ಮೂವತ್ತೈದಕ್ಕೆ ಹೋಯಿತು. ಹೊರಗೆ ಬಿಸಿಗಾಳಿ ಎದ್ದು ಕಿಟಕಿಯ ಪರದೆ ಒಳಕ್ಕೆ ಹಾರಿತು. ಕಂಬಳಿಯೂ ಹಾರಿತು ಎಂದೇ ನಾನು ಎಣಿಸಿದೆ. ದೀಪದತ್ತ ನೋಡಿದೆ. ಅದು ಕಣ್ಣು ಹೊಡೆಯಲಿಲ್ಲ.

"ಆಯ್ತಲ್ರಿ?" ಎಂದರು ಕೊನೆಗೆ ಅಜ್ಜ. "ಇನ್ನೇನೂ ಉಳಿದಿಲ್ಲಲ್ಲ?"

"ಏನೂ ಉಳಿದಿಲ್ರಿ. ಎಲ್ಲಾ ಹೇಳೇನಿ."

ಅವರು ಎರಡೂ ಕೈ ಎತ್ತಿದರು. ನಾನು ಪರದೆ ಮುಚ್ಚಿ, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದೆ, ಎರಡು ಹೆಜ್ಜೆಗೇ ಕಾಲು ಸುಟ್ಟು ವಾಪಸು ಬಂದು ಮೆಟ್ಟಿಕೊಂಡೆ.

ಅತ್ತೆ ಕೂತಲ್ಲೇ ಇದ್ದರು. ಒಂದು ಕೋಲು ಗಾಳಿಗೆ ಮಲಗಿತ್ತು. ಆ ಕಡೆಯ ಕಂಬಳಿಯ ತುದಿಯನ್ನು ತಲೆಯ ಮೇಲೆತ್ತಿ ಹಿಡಿದು ಬಿಸಿಲಲ್ಲಿ ನಿಂತಿದ್ದವನು ಲೈನ್‌ಮನ್. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದನೋ, ಅಂಗಿ ಪೂರ್ತಿ ಒದ್ದೆ.

"ಕೈ ಇಳಿಸಬ್ಯಾಡ ಅಂದೇನಿ. ಸೊಸಿ ಕೆಲಸದಾಗ ಅದಾಳ" ಎಂದರು ಅತ್ತೆ.

ನಾನು ಕೋಲು ನಿಲ್ಲಿಸಿದೆ, ಅವನಿಗೆ ನೀರು ಕೊಟ್ಟೆ. ಅವನು ಒಂದೇ ಗುಟುಕಿಗೆ ತಂಬಿಗೆ ಖಾಲಿ ಮಾಡಿ, ಜೇಬಿನಿಂದ ಮಡಿಸಿದ ಕಾಗದ ತೆಗೆದ. ಅದರಲ್ಲಿ ಸಮಸ್ಯೆ ಎಲ್ಲಿತ್ತು ಎಂಬುದಕ್ಕೆ ಎರಡು ಚೌಕ: ಗ್ರಾಹಕರ ಮನೆ, ಕಂಪನಿ ಲೈನ್. ನಾನು ಎರಡಕ್ಕೂ ಗುರುತು ಹಾಕಿದೆ.

"ಎರಡಕ್ಕೂ ಹಾಕಂಗಿಲ್ರಿ ಮೇಡಂ. ಕಂಪ್ಯೂಟರ್ ತಗೊಳ್ಳಂಗಿಲ್ಲ."

"ನನ್ನದು ಮಾಳಿಗಿ ಮ್ಯಾಲ ಗಡಗಿ ಕೆಳಗದ, ಹೋಗಿ ನೋಡ್ರಿ. ನಿಮ್ದು ಇಲ್ಲೇ ಅದ, ಈಗಷ್ಟೇ ಹಿಡಕೊಂಡು ನಿಂತಿದ್ರಿ. ಕಂಪ್ಯೂಟರಿಗಿ ನೀವೇ ಹೇಳ್ರಿ."

ಅವನು ಕಾಗದ ನೋಡಿದ, ಡಬ್ಬಿ ನೋಡಿದ. ಆಮೇಲೆ ನನ್ನ ಪೆನ್ನಿನಿಂದಲೇ ಕೆಳಗೆ ತಾನೇ ಒಂದು ಸಾಲು ಬರೆದ: ಬಾಗಿಲು ಇಲ್ಲ, ಬಿಸಿಲು ನೇರ ಬೀಳುತ್ತದೆ, ಮಧ್ಯಾಹ್ನ ಮೂರಕ್ಕೆ ನಾನೇ ನೋಡಿದ್ದೇನೆ. ಅದರ ಕೆಳಗೆ ತನ್ನ ಸಹಿ ಹಾಕಿದ. ಆಗ ನಾನೂ ನನ್ನ ಸಹಿ ಹಾಕಿದೆ.

"ಹೊಸ ಡಬ್ಬಿ ಬರೂತನ ಈ ಕಂಬಳಿ..." ಎಂದು ಅವನು ಅತ್ತೆಯತ್ತ ತಿರುಗಿದ.

"ಬಿಚ್ಚಂಗಿಲ್ಲ" ಎಂದರು ಅತ್ತೆ.

"ಬಿಚ್ರಿ ಅಂತ ಯಾರ ಅಂದ್ರು? ಆ ಕೋಲು ಸ್ವಲ್ಪ ಆಳಕ್ಕ ಹುಗೀರಿ ಅಂದೇನಿ" ಎಂದು ಹೇಳಿ ಅವನು ಬೈಕು ಚಾಲೂ ಮಾಡಿದ.